ಟೈಲರ್ ತುಕಾರಾಮಪ್ಪನ ಮನೆಶಾಲೆ

ಒಂದು ತಾಲ್ಲೂಕು ಪಟ್ಟಣದಲ್ಲಿ ತುಕಾರಾಮಪ್ಪ ಎಂಬ ಟೈಲರ್ ಇದ್ದ. ಸುತ್ತಲಿನ ಮೂರು ಶಾಲೆಗಳ ಯೂನಿಫಾರ್ಮ್ ಅವನೇ ಹೊಲಿಯಬೇಕು. ಮೇ ತಿಂಗಳು ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಎಂಟು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಒಂದೇ ಸಲ ಕತ್ತರಿ ಆಡಿಸುತ್ತಿದ್ದ. ಒಂಬತ್ತು ವರ್ಷದವರಿಗೆ ಒಂದು ಅಳತೆ, ಹತ್ತು ವರ್ಷದವರಿಗೆ ಇನ್ನೊಂದು ಅಳತೆ. ಯಾರ ತೋಳು ಗಿಡ್ಡ, ಯಾರ ಹೊಟ್ಟೆ ಮುಂದೆ ಎಂದು ನೋಡುತ್ತ ಕೂತರೆ ಶಾಲೆ ಶುರುವಾಗುವ ಹೊತ್ತಿಗೆ ಅಂಗಿ ಕೊಡುವುದು ಹೇಗೆ? ಅದು ಕಸುಬಿನ ರೀತಿ, ಅದರಲ್ಲಿ ತಪ್ಪೇನಿಲ್ಲ. ಬಟ್ಟೆಗೆ ನೋವಾಗುವುದಿಲ್ಲ.

ಅವನಿಗೆ ಒಬ್ಬಳೇ ಮಗಳು, ವೈಭವಿ. ಹತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ದಿನಕ್ಕೆ ನಲವತ್ತು ಸಲ 'ಯಾಕೆ' ಎನ್ನುವ ಹುಡುಗಿ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಕೂಡಲೇ ಓಡಿಬಂದು, ಅಪ್ಪ ಬಟ್ಟೆ ಕತ್ತರಿಸುವ ಮೇಜು ಹತ್ತಿ ಕೂತು, ಇಡೀ ದಿನದ ಸುದ್ದಿಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು. ಅವಳಮ್ಮ ಯಮುನಾಬಾಯಿ ಪಕ್ಕದಲ್ಲಿ ಕಾಜ ಹೊಲಿಯುತ್ತ ನಗುತ್ತಿದ್ದಳು. ಆ ಮನೆಯಲ್ಲಿ ಸುಖ ಎಂಬುದು ಇದ್ದರೆ ಅದು ಆ ಹುಡುಗಿಯ ಬಾಯಲ್ಲಿತ್ತು.

ಒಂದು ದಿನ ಗಣಿತದ ಮೇಷ್ಟ್ರು ವಿಸ್ತೀರ್ಣದ ಪಾಠ ಮಾಡುತ್ತಿದ್ದರು. ವೈಭವಿ ಎದ್ದು ನಿಂತು ಕೇಳಿದಳು.

"ಸರ್, ಬಟ್ಟೇನ ಓರೆಯಾಗಿ ಹಿಡಿದು ಎಳೆದ್ರೆ ಉದ್ದ ಆಗುತ್ತಲ್ಲ, ಆಗ ವಿಸ್ತೀರ್ಣ ಜಾಸ್ತಿ ಆಗುತ್ತಾ?"

ಒಳ್ಳೆಯ ಪ್ರಶ್ನೆ. ಮೇಷ್ಟ್ರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. "ದರ್ಜಿ ಬುದ್ಧಿ ಮನೇಲಿ ಇಟ್ಟು ಬಾ" ಎಂದು ಹುಡುಗಿಯನ್ನು ಮೂರು ದಿನ ಬಾಗಿಲ ಹೊರಗೆ ನಿಲ್ಲಿಸಿದರು.

ಮಗಳ ಬಾಯಿಂದ ಇದನ್ನು ಕೇಳಿ ತುಕಾರಾಮಪ್ಪನ ಪಿತ್ತ ನೆತ್ತಿಗೇರಿತು. ಮಾರನೆಯ ದಿನವೇ ಹೋಗಿ ಟಿ.ಸಿ. ತಂದ.

"ಪ್ರಶ್ನೆ ಕೇಳೋದು ತಪ್ಪು ಅನ್ನೋ ಕಡೆ ನನ್ನ ಮಗಳು ಬೇಡ," ಎಂದ. "ಮನೇಲೇ ಕಲಿಸ್ತೀನಿ. ಎಷ್ಟೋ ಜನ ಕಲಿಸ್ತಾರಂತೆ, ದೊಡ್ಡವಳಾದ ಮೇಲೆ ಪರೀಕ್ಷೆ ಕಟ್ಟಬಹುದಂತೆ."

ಯಮುನಾಬಾಯಿ ಹೆದರಿದಳು. ಆದರೂ ಬೇಡ ಎನ್ನಲಿಲ್ಲ.

ಇಲ್ಲಿಯವರೆಗೆ ನಾನು ತುಕಾರಾಮಪ್ಪನ ಕಡೆಗೇ. ಅವನಿಗೆ ಕೈಮುಗಿಯಲೂ ಸಿದ್ಧ.

ಮೊದಲ ಎರಡು ತಿಂಗಳು ಆ ಮನೆಯಲ್ಲಿ ನಡೆದದ್ದು ಪಾಠ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಎದೆಯ ಸುತ್ತಳತೆಯಲ್ಲಿ ಕಾಲು ಭಾಗ ತೆಗೆದು ಅದಕ್ಕೆ ಒಂದೂವರೆ ಇಂಚು ಸೇರಿಸುತ್ತ ಹುಡುಗಿ ಭಿನ್ನರಾಶಿ ಕಲಿತಳು. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರು ಬರೆಯುತ್ತ ಅಕ್ಷರ ದುಂಡಗಾಯಿತು. ಅಪ್ಪ ಮಗಳು ಇಬ್ಬರೂ ಒಂದು ಚೌಕ ಪಾಪ್ಲಿನ್ ಕತ್ತರಿಸಿ, ಅದರ ಎದುರುಬದುರಿನ ಎರಡು ಮೂಲೆ ಹಿಡಿದು ಎಳೆದರು. ಒಂದು ಕಡೆ ಉದ್ದವಾದಷ್ಟೂ ಇನ್ನೊಂದು ಕಡೆ ಕುಗ್ಗುವುದನ್ನು ನೋಡಿ ವೈಭವಿ ಕೇಕೆ ಹಾಕಿದಳು. ಉತ್ತರ ತಿಳಿಯದಿದ್ದಾಗ ತುಕಾರಾಮಪ್ಪ, "ಗೊತ್ತಿಲ್ಲ ಪುಟ್ಟಿ, ಬಾ ನೋಡೋಣ" ಎನ್ನುತ್ತಿದ್ದ. ಲೋಕದಲ್ಲಿ ಎಷ್ಟು ಮೇಷ್ಟ್ರ ಬಾಯಲ್ಲಿ ಈ ಮಾತು ಬರುತ್ತದೆ ಹೇಳಿ.

ಆಮೇಲೆ ಬಂತು ಯಮುನಾಬಾಯಿಯ ಅಣ್ಣ ವಾಮನರಾಯರ ಮೊಮ್ಮಗುವಿನ ನಾಮಕರಣ.

ಎಲೆ ಹಾಕಿ ಸಾಲಾಗಿ ಕೂತಿದ್ದಾರೆ. ವಾಮನರಾಯರು ಹೋಳಿಗೆ ಮುರಿಯುತ್ತ ವೈಭವಿಯನ್ನು ಕೇಳಿದರು, "ಏನಮ್ಮ, ಈಗ ಎಷ್ಟನೇ ಕ್ಲಾಸು?"

"ಕ್ಲಾಸಿಲ್ಲ ಮಾವ. ಮನೇಲಿ ಕಲೀತೀನಿ."

"ಹೌದಾ! ಹಾಗಾದ್ರೆ ಹದಿನಾರರ ಮಗ್ಗಿ ಹೇಳು ನೋಡೋಣ."

ಹುಡುಗಿ ಹದಿನಾರೇಳಲಿ ಎಂಬಲ್ಲಿಗೆ ಬಂದು ತಡವರಿಸಿದಳು. ಇಡೀ ಪಂಕ್ತಿ ಕೈ ತಡೆದು ಕಾಯಿತು. ವಾಮನರಾಯರು ನಕ್ಕರು.

"ಏನ್ ಭಾವ, ಗುಂಡಿ ಹಚ್ಚೋಕೆ ಅಂತ ಮಗಳನ್ನ ಶಾಲೆ ಬಿಡಿಸಿದ್ರಾ?"

ಉಳಿದವರೂ ನಕ್ಕರು. ತುಕಾರಾಮಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಹಾಕಿದ. ಅವನು ಅಲ್ಲೇ ಒಂದು ಮಾತು ಹೇಳಬಹುದಿತ್ತು. ಈ ಹುಡುಗಿಗೆ ಭಿನ್ನರಾಶಿ ಬರುತ್ತದೆ, ಕೇಳಿ ನೋಡಿ ಎನ್ನಬಹುದಿತ್ತು. ಹೇಳಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ. ನನಗೆ ಅವನ ಮೇಲೆ ಸಿಟ್ಟು ಶುರುವಾದದ್ದು ಇಲ್ಲಿಂದ.

ಊರಿಗೆ ಬಂದವನೇ ನೀಲಿ ಬಟ್ಟೆ ಹಾಸಿ ಒಂದು ಯೂನಿಫಾರ್ಮ್ ಕತ್ತರಿಸಿದ. ಮನೆಯಲ್ಲಿ ಕಲಿಯುವ ಒಬ್ಬಳೇ ಹುಡುಗಿಗೆ ಯೂನಿಫಾರ್ಮ್! ಜೇಬಿನ ಮೇಲೆ 'ಶ್ರೀ ಪಾಂಡುರಂಗ ಗೃಹ ವಿದ್ಯಾಲಯ' ಎಂದು ಕಸೂತಿಯನ್ನೂ ಹಾಕಿದ. ಬಟ್ಟೆ ಸುತ್ತಿ ಬರುವ ರಟ್ಟಿನ ಮೇಲೆ ವೇಳಾಪಟ್ಟಿ ಬರೆದು ಗೋಡೆಗೆ ಹೊಡೆದ. ದೇವರ ಗೂಡಿನ ಗಂಟೆ ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟ.

"ಏನ್ರೀ ಇದು?" ಎಂದಳು ಯಮುನಾಬಾಯಿ.

"ಶಿಸ್ತು. ಹತ್ತು ಗಂಟೆಯಿಂದ ನನ್ನನ್ನ ಅಪ್ಪ ಅನ್ನಬಾರದು. ಸರ್ ಅನ್ನಬೇಕು."

"ಅಲ್ಲಿಂದ ಬಿಡಿಸಿಕೊಂಡು ಬಂದಿದ್ದು ಇದಕ್ಕೇನಾ?"

"ನಿಮ್ಮಣ್ಣನ ಮನೇಲಿ ಆದ ಮರ್ಯಾದೆ ಸಾಲದಾ ನಿಂಗೆ?"

ಯಮುನಾಬಾಯಿ ಬಾಯಿ ಮುಚ್ಚಿದಳು. ಅವಳು ಮುಚ್ಚಬಾರದಿತ್ತು. ಇದನ್ನೂ ಹೇಳಿಬಿಡುತ್ತೇನೆ.

ಹತ್ತಕ್ಕೆ ಗಂಟೆ, ಪ್ರಾರ್ಥನೆ, ಮಗ್ಗಿ. ಆಮೇಲೆ ಉಕ್ತಲೇಖನ. ಐದನೇ ತರಗತಿ ಎಂದಮೇಲೆ ಇಷ್ಟು ಬರಲೇಬೇಕು ಎಂದು ಪಠ್ಯಪುಸ್ತಕದ ಪುಟಗಳನ್ನು ದಿನಗಳಿಗೆ ಹಂಚಿದ. ಒಂದು ದಿನ ವೈಭವಿ ಪಾಠದ ನಡುವೆ, "ಅಪ್ಪ, ಗಡಿಯಾರದ ಮುಳ್ಳು ಯಾಕೆ ಎಲ್ಲ ಕಡೇನೂ ಒಂದೇ ದಿಕ್ಕಿಗೆ ತಿರುಗುತ್ತೆ?" ಎಂದಳು.

"ಸರ್ ಅನ್ನು."

"ಸರ್, ಯಾಕೆ?"

"ಅದು ಪಾಠದಲ್ಲಿ ಇದೆಯಾ? ಇಲ್ಲ ತಾನೆ? ತಲೆಹರಟೆ ಮಾಡ್ಬೇಡ. ಬಾಗಿಲ ಹತ್ರ ಹೋಗಿ ನಿಂತ್ಕೋ."

ಹುಡುಗಿ ಹೋಗಿ ನಿಂತಳು. ಬಟ್ಟೆ ಕೊಡಲು ಬಂದ ಗಿರಾಕಿಗಳು ಅವಳನ್ನು ಸರಿಸಿಕೊಂಡು ಒಳಗೆ ಬಂದರು. ನಾಲ್ಕು ಗಂಟೆಯಾಯಿತು. ಗಂಟೆ ಬಾರಿಸಬೇಕಾದ ಸರ್ ಅವತ್ತಿನ ಮಗ್ಗಿ ಇನ್ನೊಂದು ಸಲ ಆಗಲಿ ಎಂದರು. ಮರುದಿನವೂ ಹಾಗೇ ಆಯಿತು. ಮುಂದಿನ ವಾರದಿಂದ ಪಾಠ ಏಳರವರೆಗೆ. ಊಟ ಬಡಿಸುವಾಗಲೂ ರಾಜಧಾನಿಗಳ ಹೆಸರು. ಮೇಜು ಹತ್ತಿ ಕೂತು ಸುದ್ದಿ ಹೇಳುವುದು ನಿಂತೇ ಹೋಯಿತು. ಹೇಳಲು ಸುದ್ದಿಯಾದರೂ ಎಲ್ಲಿಂದ ಬರಬೇಕು?

ದೀಪಾವಳಿಗೆ ವಾಮನರಾಯರು ಬಂದರು. ತುಕಾರಾಮಪ್ಪ ಕಾಯುತ್ತಿದ್ದುದೇ ಅದಕ್ಕೆ. ವೈಭವಿ ಕೈಕಟ್ಟಿ ನಿಂತು ಇಪ್ಪತ್ತೈದರವರೆಗಿನ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದಳು. ವಾಮನರಾಯರು ತಲೆದೂಗಿ, "ಭೇಷ್! ಬಹುಮಾನ ಏನು ಬೇಕು ಕೇಳಮ್ಮ," ಎಂದರು.

ಹುಡುಗಿ ಅಪ್ಪನ ಮುಖ ನೋಡಿದಳು. ತುಕಾರಾಮಪ್ಪ ಹಿಗ್ಗಿ ಹೋಗಿದ್ದ. "ಕೇಳು, ಕೇಳು," ಎಂದ.

"ನನ್ನನ್ನ ಶಾಲೆಗೆ ಕಳಿಸಿ ಸರ್."

ತುಕಾರಾಮಪ್ಪನ ನಗು ಅರ್ಧಕ್ಕೇ ನಿಂತಿತು. "ಯಾವ ಶಾಲೆಗೆ? ಅಲ್ಲಿ ಹೊರಗೆ ನಿಲ್ಲಿಸ್ತಾರಲ್ಲೇ!"

"ನಿಲ್ಲಿಸಲಿ. ನಾಲ್ಕಕ್ಕೆ ಬಿಡ್ತಾರೆ."

ಯಮುನಾಬಾಯಿ ಒಳಗೆ ಹೋಗಿ ಅತ್ತಳು. ಹಬ್ಬ ಮುಗಿದ ಮೇಲೆ ತುಕಾರಾಮಪ್ಪ ಅದೇ ಶಾಲೆಗೆ ಹೋಗಿ ಮಗಳನ್ನು ಮತ್ತೆ ಸೇರಿಸಿದ. ದೇವರ ಗಂಟೆ ಗೂಡಿಗೆ ವಾಪಸಾಯಿತು. ವೇಳಾಪಟ್ಟಿಯ ರಟ್ಟನ್ನು ಒಲೆಗೆ ಹಾಕಿದ. ಇನ್ನು ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿದು ಅಭ್ಯಾಸವಾದ ಮನುಷ್ಯ.

ಮೂರು ತಿಂಗಳಿಗೆ ಶಾಲೆಯಲ್ಲಿ ಪೋಷಕರ ಸಭೆ. ತುಕಾರಾಮಪ್ಪ ಹೆದರುತ್ತಲೇ ಹೋದ. ಗಣಿತದ ಮೇಷ್ಟ್ರು ಅವನನ್ನು ಕಂಡವರೇ ಎದ್ದು ಬಂದು ಕೈಹಿಡಿದರು.

"ಬನ್ನಿ ಬನ್ನಿ. ನಿಮ್ಮ ಮಗಳು ಪೂರ್ತಿ ಬದಲಾಗಿದ್ದಾಳೆ ರೀ. ಮೊದಲು ಎಷ್ಟು ಬಾಯಿ! ಈಗ ಬಂದಾಗಿಂದ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ಹೇಳಿದ್ದಷ್ಟು ಬರೀತಾಳೆ, ಕೇಳಿದ್ದಷ್ಟು ಹೇಳ್ತಾಳೆ. ನಾವು ಇಷ್ಟು ವರ್ಷದಲ್ಲಿ ಮಾಡೋಕೆ ಆಗದ್ದನ್ನ ನೀವು ನಾಲ್ಕು ತಿಂಗಳಲ್ಲಿ ಮಾಡಿದ್ರಿ."

ತುಕಾರಾಮಪ್ಪ ಮಗಳ ಕಡೆ ತಿರುಗಿದ. ಅವಳು ಕೈಕಟ್ಟಿ, ನೆಲ ನೋಡುತ್ತ ನಿಂತಿದ್ದಳು.

"ಪುಟ್ಟಿ," ಎಂದ. "ಏನಾದ್ರೂ ಕೇಳೇ. ಮೇಷ್ಟ್ರನ್ನ ಏನಾದ್ರೂ ಕೇಳು. ನಾನಿದ್ದೀನಲ್ಲ."

"ಏನಿಲ್ಲ ಸರ್," ಎಂದಳು ವೈಭವಿ, ಅಪ್ಪನಿಗೆ.

ಮೇಷ್ಟ್ರು ಮೆಚ್ಚುಗೆಯಿಂದ ಅವಳ ತಲೆ ಸವರಿ, ದನಿ ತಗ್ಗಿಸಿ ಕೇಳಿದರು, "ನಮ್ಮ ಕ್ಲಾಸಲ್ಲಿ ಇನ್ನೂ ಇಬ್ಬರು ಇದ್ದಾರೆ, ಬರೀ ಯಾಕೆ, ಏನು ಅಂತ ತಲೆ ತಿಂತಾರೆ. ಒಂದೆರಡು ತಿಂಗಳು ನಿಮ್ಮನೇಲಿ ಇಟ್ಕೊಂಡು ಕಳಿಸ್ತೀರಾ?"

ನೀತಿ: ಶಾಲೆ ಸರಿಯಿಲ್ಲವೆಂದು ಮಗುವನ್ನು ಮನೆಗೆ ಕರೆತರುವ ತಂದೆತಾಯಿಯರೇ, ಕರೆತನ್ನಿ, ತಪ್ಪಿಲ್ಲ. ಆದರೆ ನೆಂಟರೆದುರು ನಿಮ್ಮ ಮಾನ ಉಳಿಸುವ ಕೆಲಸವನ್ನು ಆ ಮಗುವಿನ ತಲೆಗೆ ಕಟ್ಟಬೇಡಿ. ಶಾಲೆಯಲ್ಲಿ ನೊಂದ ಮಗು ಮನೆಗೆ ಓಡಿಬರುತ್ತದೆ. ಮನೆಯಲ್ಲೇ ನೊಂದರೆ ಅದಕ್ಕೆ ಓಡಿಹೋಗಲು ಜಾಗವಿಲ್ಲ. ಈ ಕಥೆಯನ್ನು ಮಕ್ಕಳಿಗೆ ಓದಿ ಹೇಳುವ ಅಗತ್ಯವಿಲ್ಲ, ಅವರಿಗೆ ಇದು ಗೊತ್ತಿದೆ. ನೀವು ಓದಿಕೊಳ್ಳಿ.