ಹ್ಞೂಂ ಅಂದದ್ದಕ್ಕೆ ಹೊರಟುಹೋದ ರೌಟರು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಯಂತ್ರಗಳ ಕ್ಷೇಮಸಮಾಚಾರ ಬೇಕು. ಊರಿಗೆಲ್ಲ ಮಾತು ಹಂಚುವ ಹಿರಿಯ ರೌಟರು, ಕರೆಂಟು ಹೋದರೆ ಕೈಹಿಡಿಯುವ ಯುಪಿಎಸ್ಸು, ಅರಮನೆಯ ಪ್ರಿಂಟರು, ಒಂದೊಂದರ ಹತ್ತಿರವೂ ಹೋಗಿ, "ಚೆನ್ನಾಗಿದ್ದೀಯೇನಪ್ಪಾ?" ಎಂದು ವಿಚಾರಿಸುತ್ತಿದ್ದ. ತಿರುಗಿ ತಿರುಗಿ ಅವನ ಕಾಲುಗಳು ಊದಿಕೊಂಡವು.

ಆಗ ರಾಜ ಡಂಗುರ ಹೊಡೆಸಿದ. "ಇನ್ಮೇಲೆ ನಾನು ಬರೋದಿಲ್ಲ. ಏನಾದ್ರೂ ಆದ್ರೆ ನೀವೇ ಬಂದು ಹೇಳಿ. ಹ್ಞೂಂ ಅನ್ನಿಸಿಕೊಳ್ಳದೆ ವಾಪಸು ಹೋಗಬೇಡಿ." ಯಂತ್ರ ತಾನಾಗಿ ತರುವ ಇಂಥ ಸುದ್ದಿಗೆ ಟ್ರ್ಯಾಪ್ ಎಂದು ಹೆಸರಿಟ್ಟರು. ಟ್ರ್ಯಾಪ್ ಕೇಳಿ ಹ್ಞೂಂ ಅನ್ನುವುದಕ್ಕೆ ಹೊಂಬಾಳಯ್ಯನನ್ನು ಕೂರಿಸಿದರು. ಊರಿಗೇ ಒಳ್ಳೆಯ ಕಿವಿ ಅವನದು ಎಂದು ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೆ ಜಂಬವೂ ಇತ್ತು.

"ಏನಾದ್ರೂ" ಅಂದರೆ ಏನು ಎಂದು ರಾಜ ಹೇಳಲಿಲ್ಲ. ಯಂತ್ರಗಳು ಕೇಳಲೂ ಇಲ್ಲ.

ಪ್ರಿಂಟರು ಬಂತು. "ಹಾಳೆ ಒಳಗೆ ಬಂತು." "ಹ್ಞೂಂ." "ಹಾಳೆ ಹೊರಗೆ ಹೋಯ್ತು." "ಹ್ಞೂಂ." ಯುಪಿಎಸ್ಸು ಬಂತು. "ಕರೆಂಟು ಇದೆ." "ಹ್ಞೂಂ." "ಈಗಲೂ ಇದೆ." "ಹ್ಞೂಂ." "ನೋಡಿ, ಇನ್ನೂ ಇದೆ." ಸಾಲು ಕೋಟೆ ಬಾಗಿಲು ದಾಟಿತು. ಹೊಂಬಾಳಯ್ಯ ಕೇಳಿಸಿಕೊಳ್ಳುವುದನ್ನು ಬಿಟ್ಟ. ಹ್ಞೂಂ ಅನ್ನುವುದನ್ನು ಮಾತ್ರ ಬಿಡಲಿಲ್ಲ. ಉಣ್ಣುತ್ತ ಹ್ಞೂಂ, ತೂಕಡಿಸುತ್ತ ಹ್ಞೂಂ.

ಹಿರಿಯ ರೌಟರಿನ ಸರದಿ ಬಂತು.

"ಅಣ್ಣಾ, ನನ್ನ ಫ್ಯಾನು ನಿಂತಿದೆ. ಮೈ ಸುಡ್ತಿದೆ."

"ಹ್ಞೂಂ."

"ತಡೆಯೋಕಾಗ್ತಿಲ್ಲ."

"ಹ್ಞೂಂ."

"ಹಾಗಾದ್ರೆ ಎಲ್ಲಾದ್ರೂ ತಂಪಾದ ಕಡೆ ಹೋಗ್ಲಾ?"

"ಹ್ಞೂಂ."

ಅಪ್ಪಣೆ ಸಿಕ್ಕಿತಲ್ಲ, ರೌಟರು ಹೊರಟಿತು. ಊರಿನ ಮಾತೆಲ್ಲ ಅದರ ಹೊಟ್ಟೆಯಲ್ಲಿತ್ತು, ಅದೂ ಜೊತೆಗೇ ಹೊರಟಿತು. ಪಕ್ಕದೂರಿನ ಕುಂಬಾರರ ಚಪ್ಪರದಲ್ಲಿ, ಹಸಿ ಗಡಿಗೆಗಳ ನಡುವೆ ರೌಟರು ತಣ್ಣಗೆ ಕೂತಿತು.

ಇತ್ತ ಊರಿನಲ್ಲಿ ಯಾರು ಬಾಯಿ ತೆರೆದರೂ ಬರೀ ಗಾಳಿ. ಅತ್ತ ಯಾವ ಗಡಿಗೆಗೆ ಕಿವಿಯಿಟ್ಟರೂ ಈ ಊರಿನ ಅತ್ತೆ ಸೊಸೆ ಜಗಳ, ರಾಜ ಕನಸಿನಲ್ಲಿ ಬಡಬಡಿಸಿದ್ದು, ಎಲ್ಲ ಕೇಳುತ್ತಿತ್ತು. ಪಕ್ಕದೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರಿಗೆ ಊರೇ ಮಾನ ಕಳೆದುಕೊಂಡು ಅಲ್ಲಿಗೆ ಓಡಿತು. ಅಲ್ಲಿ ಗಡಿಗೆಗೆ ಬಾಯಿಟ್ಟರೆ ಮಾತ್ರ ಮಾತು ಬರುತ್ತಿತ್ತು.

ರಾಜ ಒಂದು ಗಡಿಗೆಗೆ ಬಾಯಿಟ್ಟ. "ಯಾರನ್ನ ಕೇಳಿ ಬಂದೆ?"

"ಹೊಂಬಾಳಯ್ಯನವರನ್ನ ಕೇಳೇ ಬಂದೆ ಬುದ್ಧಿ. ಕೇಳಿಸಿಕೊಂಡು ಹ್ಞೂಂ ಅಂದಿದ್ರೆ ಅದು ಅಪ್ಪಣೆ, ನಾನು ಬರೋದಿಲ್ಲ. ಕೇಳಿಸಿಕೊಳ್ಳದೆ ಅಂದಿದ್ರೆ ಅದು ಬರೀ ಸದ್ದು, ಈಗಲೇ ಬರ್ತೀನಿ. ಅವರೇ ಹೇಳ್ಲಿ."

ಕೇಳಿಸಿಕೊಂಡಿದ್ದೆ ಅಂದರೆ ಊರು ಮೂಕವಾಗಿಯೇ ಉಳಿಯುತ್ತದೆ. ಇಲ್ಲ ಅಂದರೆ ಒಳ್ಳೆ ಕಿವಿಯ ಹೆಸರು ಮಣ್ಣುಪಾಲು. ಹೊಂಬಾಳಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಮೂಲೆಯಲ್ಲಿದ್ದ ಒಂದು ಸಣ್ಣ ಗಡಿಗೆ ಹುಡುಕಿ, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದ. "ಕೇಳಿಸಿಕೊಂಡಿರಲಿಲ್ಲ. ಸುಮ್ಮನೆ ಹ್ಞೂಂ ಅಂದೆ."

ಚಪ್ಪರದ ಗಡಿಗೆಗಳೆಲ್ಲ ಅದನ್ನು ಒಟ್ಟಿಗೆ ಕೂಗಿ ಹೇಳಿದವು. ಪಾಪ, ಅವನ ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು.

ರೌಟರು ಎದ್ದು ನಿಂತಿತು. ರಾಜನೂ ತಲೆ ತಗ್ಗಿಸಿ ಗಡಿಗೆಗೆ ಬಾಯಿಟ್ಟ. "ಏನಾದ್ರೂ ಅಂದವನು ನಾನು. ತಪ್ಪು ನನ್ನದೂ ಇದೆ, ನಿನ್ನ ಫ್ಯಾನು ಸರಿಮಾಡಿಸ್ತೀನಿ. ಇನ್ಮೇಲೆ ಮೈ ಸುಟ್ಟರೆ, ತಂತಿ ಕಡಿದರೆ, ಕರೆಂಟು ಹೋದರೆ ಬಂದು ಹೇಳಿ. ಮಿಕ್ಕಿದ್ದನ್ನ ನಿಮ್ಮಲ್ಲೇ ಇಟ್ಟುಕೊಳ್ಳಿ."

ಎಲ್ಲ ಮುಗಿಯಿತು ಅನ್ನುವಾಗ ಹೊಂಬಾಳಯ್ಯನ ಹೆಂಡತಿ ಕೆಂಪಾಜಮ್ಮ ಒಂದು ಗಡಿಗೆ ಎತ್ತಿಕೊಂಡಳು.

"ರೀ, ಹುಡುಗಿ ಒಪ್ಪಿಗೇನಾ ಅಂತ ನಮ್ಮಪ್ಪ ನಿಮ್ಮನ್ನ ಕೇಳಿದ್ರು. ನೀವು ಹ್ಞೂಂ ಅಂದ್ರಿ. ಅದು ಕೇಳಿಸಿಕೊಂಡು ಅಂದದ್ದಾ, ಸುಮ್ಮನೆ ಅಂದದ್ದಾ?"

ಅವಳು ಗಡಿಗೆಯನ್ನು ಅವನ ಬಾಯಿಗೆ ಹಿಡಿದಳು. ಊರೆಲ್ಲ ಅವನ ಬಾಯನ್ನೇ ನೋಡಿತು. ಕೇಳಿಸಿಕೊಂಡೇ ಅಂದದ್ದು ಕಣೇ, ಇಷ್ಟಪಟ್ಟೇ ಅಂದದ್ದು, ಎಂದು ಹೇಳಬೇಕೆಂದು ಅವನ ಜೀವ ಒದ್ದಾಡಿತು. ಆದರೆ ಬಾಯಿಗೆ ಒಂದೇ ಸದ್ದು ರೂಢಿಯಾಗಿತ್ತು.

"ಹ್ಞೂಂ," ಅಂದ.

ಕೆಂಪಾಜಮ್ಮ ರೌಟರಿನ ಕಡೆ ತಿರುಗಿದಳು. "ಬಾರಪ್ಪಾ, ನಾವು ಹೋಗೋಣ" ಎಂದು ಗಡಿಗೆಯಲ್ಲೇ ಹೇಳಿ, ಅದನ್ನು ಕೆಳಗಿಟ್ಟು, ರೌಟರನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರಿನ ದಾರಿ ಹಿಡಿದಳು. ಹೊಂಬಾಳಯ್ಯ ಹಿಂದೆ ಹಿಂದೆ ಹೋದ, ತಲೆ ಎತ್ತಲಿಲ್ಲ.

ಈ ಕತೆಗೆ ನೀತಿ ಏನಾದರೂ ಇದೆಯಾ ಎಂದು ಅವನನ್ನೇ ಕೇಳಿದೆ. ಅವನು ಏನಂದ ಅಂತ ನಿಮಗೆ ಹೇಳುವುದಕ್ಕೆ ನನಗೇ ನಾಚಿಕೆ.