ಕಾಗೆಬಂಗಾರದ ದಾಸ

ಆಗಿನ್ನೂ ನೆಲದ ಕೆಳಗೆ ಚಿನ್ನ ಇತ್ತು, ಚಿನ್ನದ ಮೇಲೆ ಒಂದು ಊರಿತ್ತು. ಆ ಊರಿನ ತಗಡಿನ ಮನೆಗಳ ಒಂದು ಸಾಲಿನಲ್ಲಿ ಆರೋಗ್ಯದಾಸ ಅನ್ನುವವನೊಬ್ಬ ಇದ್ದ. ಯಾವ ಕಾಲ ಅಂತ ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ದಾಸ ವಾರವೆಲ್ಲ ಗಣಿಗೆ ಇಳಿಯುವವನು, ಭಾನುವಾರ ಚರ್ಚಿನಲ್ಲಿ ಹಾಡುವವನು. ಅವನು ಗಣಿಯ ತಳದಲ್ಲಿ ದನಿ ಎತ್ತಿದರೆ ಮೇಲೆ ಗಣಿಬಾವಿಯ ಬಾಯಲ್ಲಿ ನಿಂತವರ ಅಂಗಾಲು ನಡುಗುತ್ತಿತ್ತಂತೆ. ಇದು ಸುಳ್ಳಿರಬಹುದು. ಆದರೆ ಬಂಡೆ ಸಿಡಿದ ದಿನ ನಡೆದದ್ದು ಸುಳ್ಳಲ್ಲ. ಆ ದಿನ ದಾಸನೂ ಅವನ ಗೆಳೆಯ ಮುನಿವೆಂಕಟನೂ ಕಲ್ಲಿನ ಹಿಂದೆ ಸಿಕ್ಕಿಬಿದ್ದರು. ದೀಪ ಆರಿತು. ಮುನಿವೆಂಕಟನ ಕಾಲು ಬಂಡೆಯ ಅಡಿ ಇತ್ತು. ದಾಸ ಹಾಡತೊಡಗಿದ. ಹಾಡಿದ, ಹಾಡಿದ, ಹಾಡುತ್ತಲೇ ಇದ್ದ. ಅಗೆಯುವವರು ಆ ದನಿಯ ಜಾಡು ಹಿಡಿದು ಕಲ್ಲು ಸರಿಸುತ್ತ ಬಂದರು. ಇಬ್ಬರೂ ಬದುಕಿದರು. ಮೇಲೆ ಬೆಳಕಿಗೆ ತಂದಾಗ ನೋಡಿದರೆ, ದಾಸನ ಎಡಗೆನ್ನೆ ಕಣ್ಣಿಂದ ದವಡೆಯವರೆಗೂ ಸೀಳಿಹೋಗಿತ್ತು. ಗಾಯ ಒಣಗಿತು, ಆದರೆ ತುಟಿ ಒಂದು ಕಡೆಗೆ ಎಳೆದುಕೊಂಡೇ ಉಳಿಯಿತು. ಅವನು ನಕ್ಕರೂ ಅತ್ತ ಹಾಗೆ ಕಾಣುತ್ತಿತ್ತಂತೆ.

ಚರ್ಚಿನಲ್ಲಿ ಅವನನ್ನು ಕಂಬದ ಹಿಂದೆ ನಿಲ್ಲಿಸಿದರು. ಮಕ್ಕಳು ಹೆದರುತ್ತವೆ ಅಂದರಂತೆ. ಎರಡು ಭಾನುವಾರ ಕಂಬದ ಹಿಂದೆ ಹಾಡಿದ. ಆಮೇಲೆ ಹೋಗುವುದನ್ನೇ ಬಿಟ್ಟ. ಮನೆಯಲ್ಲೂ ಹಾಡಲಿಲ್ಲ.

ಅವನ ಹೆಂಡತಿ ಸಗಾಯಮೇರಿ ಹೊಲಿಗೆಯವಳು. ಒಮ್ಮೆ ಗಣಿ ಸಾಹೇಬರ ಬಂಗಲೆಯಿಂದ ರಿಪೇರಿಗೆ ಬಂದ ಬಟ್ಟೆಯ ಜೊತೆ ಒಂದು ವಿದೇಶಿ ಪುಸ್ತಕದ ಹಾಳೆ ಬಂತು. ಅದರಲ್ಲಿ ಅಮೆರಿಕದ ಹಾಡುಗಾರರ ಚಿತ್ರ ಇತ್ತು. ಗಂಡಸರೇ, ಆದರೆ ಹೆಂಗಸರ ಸ್ಯಾಟಿನ್ ತೊಟ್ಟಿದ್ದರು. ಮಣೆಯಷ್ಟು ದಪ್ಪ ಅಟ್ಟೆಯ ಬೂಟು, ಮುಖದ ತುಂಬ ಬೆಳ್ಳಿ ಬಣ್ಣ, ಕೈಯಲ್ಲಿ ಗಿಟಾರು. ಎದುರಿಗೆ ಸಮುದ್ರದಂತೆ ಜನ. ಸಗಾಯಮೇರಿ ಆ ಹಾಳೆಯನ್ನು ಗಂಡನ ಮುಂದೆ ಹಿಡಿದಳು.

"ಇವರ ಮುಖ ಯಾರ್ಗೂ ಕಾಣ್ತಿಲ್ಲ. ಆದ್ರೂ ಜನ ಕಣ್ಣು ಕೀಳ್ದಂಗೆ ನೋಡ್ತಾವ್ರೆ, ನೋಡು" ಅಂದಳು.

ಆ ಊರಿನ ಗುಡ್ಡದಲ್ಲಿ ಕಾಗೆಬಂಗಾರ ಸಿಗುತ್ತಿತ್ತು. ಕಲ್ಲಿನಲ್ಲಿ ಪದರ ಪದರವಾಗಿ ಮಿನುಗುವುದು, ಬೆಲೆ ಇಲ್ಲದ್ದು. ಅವಳು ಅದನ್ನು ಬಿಡಿಸಿ ತಂದು, ಒರಳಲ್ಲಿ ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಗಂಡನ ಮುಖಕ್ಕೆ ಬಳಿದಳು. ಗಾಯದ ಗೆರೆ ಬೆಳ್ಳಿಯ ಹೊಳೆಯಾಯಿತು. ದಾಸ ಕನ್ನಡಿ ನೋಡಿಕೊಂಡು ಬಹಳ ಹೊತ್ತು ಕೂತಿದ್ದನಂತೆ. ಆಮೇಲೆ ಹಾಡಿದನಂತೆ.

ಮುನಿವೆಂಕಟ ಮೊದಲು ಸಾವಿನ ಮನೆಗಳಲ್ಲಿ ತಮಟೆ ಬಾರಿಸುತ್ತಿದ್ದವನು. ಈಗ ಕುಂಟು ಕಾಲಿಟ್ಟುಕೊಂಡು ಡ್ರಮ್ ಮುಂದೆ ಕೂತ. ಕ್ಲಬ್ಬಿನಲ್ಲಿ ಗಿಟಾರು ನುಡಿಸುತ್ತಿದ್ದ ರಾಲ್ಫ್ ಡಿಕ್ರೂಜ್ ಅನ್ನುವವನೂ ಸೇರಿದ. ಚಿತ್ರದಲ್ಲಿದ್ದ ಆ ಅಮೆರಿಕದವರ ಹಾಡು ಹೇಗಿರುತ್ತದೆ ಅಂತ ಮೂವರಿಗೂ ಗೊತ್ತಿರಲಿಲ್ಲ. ಒಂದು ಚೂರೂ ಕೇಳಿರಲಿಲ್ಲ. ಚಿತ್ರ ನೋಡಿಯೇ, ಇಂಥ ಬೂಟು ಹಾಕಿದವರು ಇಂಥ ಹಾಡೇ ಹಾಡಬೇಕು ಅಂತ ಊಹಿಸಿ ಕಟ್ಟಿದರು. ಅದರಲ್ಲಿ ತಮಟೆ ಇತ್ತು, ಚರ್ಚಿನ ರಾಗ ಇತ್ತು, ಬಂಡೆ ಸಿಡಿಯುವ ಸದ್ದೂ ಇತ್ತು. ಹೆಸರು ಗೋಲ್ಡನ್ ಕ್ರೋಸ್, ಅಂದರೆ ಬಂಗಾರದ ಕಾಗೆಗಳು, ಅಂತ ಇಟ್ಟುಕೊಂಡರು.

ಮೊದಲ ದಿನ ಕಾರ್ಮಿಕರ ಹಾಲ್‌ನಲ್ಲಿ ಅವರು ತೊಟ್ಟ ಸ್ಯಾಟಿನ್, ದಪ್ಪ ಬೂಟು ಕಂಡು ಜನ ಸಿಳ್ಳೆ ಹೊಡೆದರು. ಸೀರೆ ಎಲ್ಲಿ ಅಂತ ಕೇಳಿದರು. ದಾಸ ಕಣ್ಣು ಮುಚ್ಚಿ, ಬಂಡೆಯ ಹಿಂದೆ ಹಾಡಿದ್ದನ್ನೇ ಹಾಡಿದ. ಸಿಳ್ಳೆ ನಿಂತಿತು. ತಗಡಿನ ಮಾಡು ಕಂಪಿಸಿತು ಅಂತಾರೆ. ಗಣಿಯಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಎದ್ದುನಿಂತು ಕುಣಿದರು ಅಂತಾರೆ. ಮರುದಿನ ಗುಡ್ಡದ ತುಂಬ ಹುಡುಗರು ಕಾಗೆಬಂಗಾರ ಹುಡುಕುತ್ತಿದ್ದರು.

ಸುದ್ದಿ ಊರಿಂದ ಊರಿಗೆ ಹೋಯಿತು. ಚೆಂಗಲರಾಯ ಅನ್ನುವ ನಾಟಕದ ಕಂಪನಿಯವನು ವ್ಯಾನು ತಂದು ಅವರನ್ನು ಕರೆದೊಯ್ದ. ದೊಡ್ಡ ಪಟ್ಟಣಗಳು, ದೊಡ್ಡ ದೀಪಗಳು. ಗೋಡೆಗಳ ಮೇಲೆ ದಾಸನ ಬೆಳ್ಳಿ ಮುಖ. ಅವನು ಬಂದರೆ ಪಟ್ಟಣದ ಕರೆಂಟು ಮಂಕಾಗುತ್ತಿತ್ತಂತೆ, ಎಲ್ಲ ಬೆಳಕನ್ನೂ ಅವನ ಮುಖವೇ ಕುಡಿಯುತ್ತಿತ್ತಂತೆ. ಬಣ್ಣ ಅಳಿಸಿ ಬೀದಿಗೆ ಬಂದರೆ ಮಾತ್ರ ಒಬ್ಬರೂ ಗುರುತಿಸುತ್ತಿರಲಿಲ್ಲ. ಅದು ಅವನಿಗೆ ಸುಖವಾಗಿತ್ತು. ಸಗಾಯಮೇರಿಗೆ ಮಾತ್ರ ಯಾಕೋ ಭಯವಾಗುತ್ತಿತ್ತು.

ಗಣಿಗೆ ಇಳಿದವರ ಎದೆಯಲ್ಲಿ ಕಲ್ಲಿನ ಧೂಳು ಕೂತಿರುತ್ತದೆ. ಅದು ಬೂಟು ನೋಡುವುದಿಲ್ಲ, ಸ್ಯಾಟಿನ್ ನೋಡುವುದಿಲ್ಲ. ದಾಸನಿಗೆ ಕೆಮ್ಮು ಹತ್ತಿತು. ಒಂದು ಪಟ್ಟಣದಲ್ಲಿ ಹಾಡಿನ ನಡುವೆ ರಕ್ತ ಬಂತು. ಚೆಂಗಲರಾಯ ಅವನ ಭುಜದ ಮೇಲೆ ಕೈಯಿಟ್ಟು, ನೀನು ಊರಿಗೆ ಹೋಗಿ ಎದೆ ವಾಸಿ ಮಾಡಿಕೊಂಡು ಬಾ, ಅಲ್ಲಿಯವರೆಗೆ ನಿನ್ನ ಜಾಗದಲ್ಲಿ ಒಬ್ಬ ಹುಡುಗ ನಿಂತಿರಲಿ ಅಂದ. ಹುಡುಗನ ಹೆಸರು ಜಯಶೀಲ. ಒಳ್ಳೆಯ ಎದೆ, ನುಣುಪಾದ ಕೆನ್ನೆ. ಸಗಾಯಮೇರಿ ಅವನಿಗೆ ಬಣ್ಣ ಬಳಿಯಲಾರೆ ಅಂದಳು. ಆಗ ದಾಸನೇ ಬಳಿದ. ತನ್ನ ಬೂಟನ್ನೂ ಅವನಿಗೆ ಹಾಕಿಸಿದ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು, ಅದನ್ನೂ ಹೇಳಿಕೊಟ್ಟ.

ಜನರಿಗೆ ಗೊತ್ತಾಗಲೇ ಇಲ್ಲ. ದಾಸನ ದನಿ ಈಗ ಇನ್ನೂ ಚೆನ್ನಾಗಿದೆ ಅಂದರು.

ಊರಲ್ಲಿ ಕಷಾಯ ಕುಡಿದು ದಾಸ ಸ್ವಲ್ಪ ಚೇತರಿಸಿಕೊಂಡ. ಬರುತ್ತೇನೆ ಅಂತ ಕಂಪನಿಯವರಿಗೆ ಹೇಳಿಕಳಿಸಿದ. ಮಳೆ ಮುಗಿಯಲಿ ಅಂದರು. ಮಳೆ ಮುಗಿಯಿತು. ಹಬ್ಬ ಕಳೆಯಲಿ ಅಂದರು. ಹಬ್ಬವೂ ಕಳೆಯಿತು. ಆಮೇಲೆ ಉತ್ತರವೇ ಬರಲಿಲ್ಲ.

ಕೊನೆಗೆ ಗೋಲ್ಡನ್ ಕ್ರೋಸ್ ಆ ಊರಿಗೇ ಬಂದಿತು, ಕಾರ್ಮಿಕರ ಹಾಲ್‌ನ ಮುಂದಿನ ಮೈದಾನಕ್ಕೆ. ಸಂಜೆ ಬಿಸಿಲು ಇನ್ನೂ ಇತ್ತು. ದಾಸ ಮುಖಕ್ಕೆ ಏನೂ ಬಳಿಯದೆ ಹೋದ. ಹೋಗಬೇಡ ಅಂತ ಸಗಾಯಮೇರಿ ಹೇಳಲಿಲ್ಲ, ಜೊತೆಗೆ ನಡೆದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಅವನು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ.

"ನಾನು ದಾಸ. ಇದು ನಾನ್ ಕಟ್ಟಿದ ಹಾಡು" ಅಂದ.

ಜನ ನಕ್ಕರು. ಹಾಡಲು ಬಾಯಿ ತೆರೆದ, ಕೆಮ್ಮು ಬಂತು. ಜನ ಇನ್ನೂ ನಕ್ಕರು. ಅವನು ಡ್ರಮ್ಮಿನ ಕಡೆ ತಿರುಗಿದ.

"ಮುನಿವೆಂಕಟ, ನಾನ್ಯಾರು ಅಂತ ಹೇಳೋ ಇವ್ರಿಗೆ."

ಮುನಿವೆಂಕಟ ತಲೆ ಎತ್ತಲಿಲ್ಲ. ಚೆಂಗಲರಾಯ ಮೈಕು ಹಿಡಿದು, ಏನಪ್ಪಾ, ಇವನು ನಿನಗೆ ಗೊತ್ತಾ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ನೋಡಿದಂಗಿಲ್ಲ" ಅಂದ ಮುನಿವೆಂಕಟ. ಅಂದವನೇ ಮುಂದಿನ ಹಾಡಿಗೆ ಡ್ರಮ್ ಬಾರಿಸಿದ.

ರಾಲ್ಫ್ ಬೆನ್ನು ತಿರುಗಿಸಿ ಗಿಟಾರಿನ ತಂತಿ ಬಿಗಿಯುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತವರು ದಾಸನ ಸಾಲುಮನೆಯವರೇ. ಅವನ ಒಲೆಯಿಂದ ಕೆಂಡ ಒಯ್ದವರು, ಅವನ ದನಿ ಹಿಡಿದು ಕಲ್ಲು ಸರಿಸಿದವರು. ಅವರೂ ಏಳಲಿಲ್ಲ. ಎದ್ದರೆ ಹಾಡು ನಿಲ್ಲುತ್ತಿತ್ತು, ಅಷ್ಟೇ. ಯಾರೋ ಇಬ್ಬರು ದಾಸನನ್ನು ತೋಳು ಹಿಡಿದು ಕೆಳಗಿಳಿಸಿದರು. ಅವನು ಪ್ರತಿಭಟಿಸಲಿಲ್ಲ. ದಾರಿಯಲ್ಲಿ ಸಗಾಯಮೇರಿ ಅವನ ಕೈ ಹಿಡಿದುಕೊಂಡಿದ್ದಳು. ಮನೆ ತಲುಪುವವರೆಗೂ ಹಿಂದಿನಿಂದ ಅವನದೇ ಹಾಡು ಕೇಳಿಸುತ್ತಿತ್ತು.

ಆಮೇಲೆ ಗೋಲ್ಡನ್ ಕ್ರೋಸ್ ಇನ್ನೂ ಬೆಳೆಯಿತು, ಬೆಳೆದು ಒಡೆಯಿತು. ಜಯಶೀಲ ಬಿಟ್ಟುಹೋದ, ಆ ಬಣ್ಣದೊಳಗೆ ಇನ್ನೊಬ್ಬ ಬಂದ. ರಾಲ್ಫ್ ಬೇರೆಯಾಗಿ ತನ್ನದೇ ಗೋಲ್ಡನ್ ಕ್ರೋಸ್ ಕಟ್ಟಿದ. ಒಂದು ಕಾಲದಲ್ಲಿ ಒಂದೇ ದಿನ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ದಾಸರು ಹಾಡುತ್ತಿದ್ದರಂತೆ. ಕಡೆಗೆ ಅಂಗಡಿ ಉದ್ಘಾಟನೆಗೂ ಬರತೊಡಗಿದರು.

ದಾಸ ಸತ್ತ ದಿನ ಪಕ್ಕದ ಪಟ್ಟಣದಲ್ಲಿ ಗೋಲ್ಡನ್ ಕ್ರೋಸಿನ ಹಾಡು ಇತ್ತು. ದಾಸ ತೀರಿಹೋದ ಅಂತ ಯಾರೋ ಅಲ್ಲಿ ಹೇಳಿದರೆ ಜನ ನಂಬಲಿಲ್ಲ. ಅಗೋ, ಅಲ್ಲಿ ಹಾಡುತ್ತಿದ್ದಾನಲ್ಲ ಅಂದರಂತೆ. ಹಾಗಾಗಿ ಮಣ್ಣಿಗೆ ಬಂದವರು ಕಡಿಮೆ.

ಬಂದವರಲ್ಲಿ ಮುನಿವೆಂಕಟ ಒಬ್ಬ. ಹಳೆಯ ತಮಟೆಯನ್ನು ಬೆಂಕಿಗೆ ಕಾಸಿ ತಂದಿದ್ದ. ಕುಂಟುತ್ತ ಬಾಗಿಲಿಗೆ ಬಂದು ನಿಂತ. ಸಗಾಯಮೇರಿ ಬೈಯಲಿಲ್ಲ, ಅಳಲೂ ಇಲ್ಲ.

"ಒಳಗ್ ಬಾ, ನೋಡ್ಕೊಂಡ್ ಹೋಗು" ಅಂದಳು. "ಬಾರಿಸ್ಬೇಡ. ಗುರುತಿಲ್ಲದೋರ ಸಾವಿಗೆ ಯಾರಾದ್ರೂ ಬಾರಿಸ್ತಾರಾ?"

ಅವನು ತಮಟೆಯನ್ನು ಹೊಸ್ತಿಲ ಹೊರಗಿಟ್ಟು ಒಳಗೆ ಹೋದ. ಸಾಲಿನ ಜನ ಅಂಗಳದಲ್ಲಿ ನಿಂತು ಆ ಮಾತು ಕೇಳಿಸಿಕೊಂಡರು. ಅದು ತಮಗೂ ಹೇಳಿದ್ದು ಅಂತ ಎಲ್ಲರಿಗೂ ತಿಳಿಯಿತು.

ಈಗ ಗಣಿ ಮುಚ್ಚಿದೆ. ವರ್ಷಕ್ಕೊಮ್ಮೆ ಕಾರ್ಮಿಕರ ಹಾಲ್‌ನಲ್ಲಿ ದಾಸನ ಹೆಸರಲ್ಲಿ ಹಾಡಿನ ಸ್ಪರ್ಧೆ ಇಡುತ್ತಾರೆ. ಹುಡುಗರು ಮುಖಕ್ಕೆ ಕಾಗೆಬಂಗಾರ ಬಳಿದುಕೊಂಡು ಬರುತ್ತಾರೆ. ಗೋಡೆಯ ಮೇಲಿನ ಚಿತ್ರಕ್ಕೆ ಹಾರ ಹಾಕುತ್ತಾರೆ. ಪೋಸ್ಟರ್ ನೋಡಿ ಬರೆಸಿದ ಚಿತ್ರ ಅದು, ಜಯಶೀಲನದು. ಯಾರೂ ತಿದ್ದಲಿಲ್ಲ. ಮಾತು ತಡವಾದ ಮಕ್ಕಳ ನಾಲಿಗೆಗೆ ತಾಯಂದಿರು ಆ ಚಿತ್ರದ ಮುಂದೆ ಜೇನು ಸವರುತ್ತಾರೆ. ಮಕ್ಕಳು ಮಾತಾಡುತ್ತವೆ ಅಂತಲೂ ಹೇಳುತ್ತಾರೆ.

ಆದರೆ ದಾಸನ ಸಾಲುಮನೆಯಲ್ಲಿ ಇನ್ನೊಂದು ರೂಢಿ ಇದೆ. ಬೇರೆ ಸಾಲುಗಳಲ್ಲಿ ಸಾವಾದರೆ ತಮಟೆ, ಬ್ಯಾಂಡು, ಪಟಾಕಿ, ಎಲ್ಲ ಇರುತ್ತದೆ. ಆ ಸಾಲಿನಲ್ಲಿ ಯಾರು ಸತ್ತರೂ ಬಾರಿಸುವುದಿಲ್ಲ. ಇವತ್ತಿಗೂ ಇಲ್ಲ. ಗೌರವಕ್ಕೆ ಹಾಗೆ ಮಾಡುತ್ತಾರೆ ಅಂತ ಹೊರಗಿನವರು ತಿಳಿದಿದ್ದಾರೆ. ಆ ಸಾಲಿನವರು ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. ತಲೆ ತಗ್ಗಿಸಿಕೊಂಡು ಹೆಣ ಹೊತ್ತು ನಡೆಯುತ್ತಾರೆ. ಚಪ್ಪಲಿಯ ಸದ್ದು ಕೇಳುತ್ತದೆ, ಹಳೆಯ ಗಣಿಯವರ ಕೆಮ್ಮು ಕೇಳುತ್ತದೆ. ಬೇರೇನೂ ಕೇಳುವುದಿಲ್ಲ.