ಸೊಲ್ಲುಗಲ್ಲು

ಬಾರವ್ವ, ಬಾರಪ್ಪ, ಬಿಸಿಲಿಗೆ ಬೆನ್ನು ಕೊಟ್ಟು ಈ ಕಟ್ಟೆಯ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಎಲೆ ಅಡಿಕೆ ಹಾಕುವವರು ಈಗಲೇ ಹಾಕಿಕೊಳ್ಳಿ, ನಡುವೆ ಏಳಬೇಡಿ. ಹಿರೇಮಟ್ಟಿ ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ಉದ್ದನೆಯ ಕಂಬವೊಂದು ಬಿದ್ದಿರುವುದನ್ನು ನೋಡಿದಿರಲ್ಲ, ಅದೇ ಸೊಲ್ಲುಗಲ್ಲು. ಮೂರು ಮುಖ ಕನ್ನಡಿಯಂತೆ ನುಣುಪು, ನಾಲ್ಕನೆಯದು ಒರಟು. ಬಂದವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮೂರವರು ಮಾತ್ರ ಕೂರುವುದಿಲ್ಲ. ಪಕ್ಕದಲ್ಲಿ ನಿಂತು ಹಾಡಿನ ಒಂದು ಸಾಲು ಅಂದು ಮುಂದೆ ನಡೆಯುತ್ತಾರೆ. ಹಾಡಿನ ಸಾಲಿಗೇ ಸೊಲ್ಲು ಎನ್ನುವುದು.

ಹಿಂದೆ ಒಮ್ಮೆ ಈ ಸೀಮೆಯನ್ನು ಕಾಟಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಗುಡ್ಡದ ನೆತ್ತಿಯ ಮೇಲೆ ತನ್ನ ಹೆಸರು ಕೊರೆದ ಕಂಬ ನಿಲ್ಲಬೇಕೆಂದು ಅವನಿಗೆ ಹಟ. ಬುಡದ ಬಂಡೆಯನ್ನು ಸೀಳಿಸಿ ಕಂಬ ಮಾಡಿಸಿದ, ನೂರು ಆಳಿಗೆ ಹಗ್ಗ ಹಿಡಿಸಿದ. ಕಲ್ಲೆಳೆಯುವ ಕೆಲಸಕ್ಕೆ ಆಗ ಒಂದು ಪದ್ಧತಿಯಿತ್ತು. ಮೇಲಿನ ಬಂಡೆಯ ಮೇಲೆ ನಿಂತು ಒಬ್ಬಳು ಸೊಲ್ಲು ಎತ್ತುತ್ತಿದ್ದಳು. ಸೊಲ್ಲು ಮುಗಿಯುವಲ್ಲಿ ನೂರು ಜನ ‘ಸೈ’ ಎಂದು ಒಟ್ಟಿಗೆ ಜಗ್ಗಿ ಹಿಡಿಯುತ್ತಿದ್ದರು. ಕಲ್ಲು ಗೇಣುದ್ದ ಏರಿದೊಡನೆ ಹಿಂದಿನವರು ಅದರ ಅಡಿಗೆ ಮರದ ಬೆಣೆ ಒತ್ತಬೇಕು. ಬೆಣೆ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಮುಂದಿನ ಸೊಲ್ಲು ಎತ್ತುವುದು, ಅದು ಕಿವಿಗೆ ಬಿದ್ದ ಮೇಲೆಯೇ ಆಳುಗಳು ಹಗ್ಗ ಸಡಿಲಿಸುವುದು. ಹೀಗೆ ಹಾಡುತ್ತಿದ್ದವಳು ಹೊನ್ನೂರವ್ವ. ಬೆಣೆ ಒತ್ತುವ ಐದು ಜನರಲ್ಲಿ ಮುಂದಾಳು ಅವಳ ಗಂಡ ಗಾದಿಲಿಂಗ. ಹಾಗಾಗಿ ಅವಳ ಕಣ್ಣು ಸದಾ ಆ ಕಲ್ಲಿನ ಅಡಿಯಲ್ಲೇ. ಏರು ಕಡಿದಾದರೆ ಸೊಲ್ಲು ಗಿಡ್ಡ ಮಾಡುವಳು. ಯಾರಾದರೂ ಸೋತು ನಿಂತರೆ ಅವನ ಹೆಸರೇ ಹಿಡಿಯುವಳು: “ಹೆಂಡ್ತಿ ಮುಂದ ಹುಲಿಯಪ್ಪ, ಹಗ್ಗದ ಮುಂದ ಇಲಿಯಪ್ಪ!” ನೂರು ಜನರೂ ನಗುತ್ತಲೇ ಜಗ್ಗುತ್ತಿದ್ದರು.

ಕಲ್ಲು ಅರ್ಧ ಗುಡ್ಡ ಏರುವಷ್ಟರಲ್ಲಿ ಆಳುಗಳಿಗೆ ಹೊಯ್ಯುವ ಗಂಜಿ ನೀರಿನಷ್ಟು ತೆಳ್ಳಗಾಯಿತು. ಆವತ್ತು ಹೊನ್ನೂರವ್ವ ಹೊಸ ಸೊಲ್ಲು ಕಟ್ಟಿದಳು:

“ಕಂಬದ ಮ್ಯಾಲ ಹೆಸರು ನಿಂದು, ನಾಯಕಾ,
ಕಂಬದ ಕೆಳಗ ಎಲುಬು ನಂದು.”

ಸಂಜೆಗೆ ಅದು ಬೀಸುವ ಕಲ್ಲಿನ ಬಳಿಗೆ ಬಂತು. ಎರಡು ದಿನಕ್ಕೆ ತೊಟ್ಟಿಲು ತೂಗುವವರ ಬಾಯಿಗೆ ಬಂತು. ಎಂಟನೆಯ ದಿನ ನಾಯಕನ ಮಗಳೇ ಅಂಗಳದಲ್ಲಿ ಕುಣಿಯುತ್ತ ಹಾಡಿದಳು. ನಾಯಕ ಹೊನ್ನೂರವ್ವನನ್ನು ಎಳೆತರಿಸಿದ.

“ಯಾರೇ ನಿನಗ ಇದನ್ನು ಕಲಿಸಿದವರು?”

“ಹೊಟ್ಟಿ ಕಲಿಸ್ತು, ಒಡೆಯಾ.”

“ನನ್ನನ್ನು ಹೊಗಳಿ ಕಟ್ಟು. ಹೊಟ್ಟಿ ತುಂಬ ಹಾಕಿಸ್ತೀನಿ.”

“ಹೊಗಳಿದರ ನೀವು ಉಬ್ಬೀರಿ. ಕಲ್ಲು ಏಳಬೇಕಲ್ಲ?”

ನಿಂತವರು ಮುಸಿಮುಸಿ ನಕ್ಕರು. ಆ ನಗುವೇ ಅವಳಿಗೆ ಮುಳುವಾಯಿತು ಎನ್ನುತ್ತಾರೆ. “ಕಲ್ಲೆಳೆಯೋದು ತೋಳೋ ನಾಲಿಗೆಯೋ, ನೋಡೇಬಿಡೋಣ” ಎಂದ ನಾಯಕ, ಸುಣ್ಣದಲ್ಲಿ ಅದ್ದಿದ ಬಟ್ಟೆಯನ್ನು ಅವಳ ಬಾಯಿಗೆ ತುರುಕಿಸಿ ಮೇಲೆ ಬಿಗಿಸಿದ. ಕೈಕಾಲು ಕಟ್ಟಿಸಿ, ದಿನವೂ ನಿಲ್ಲುತ್ತಿದ್ದ ಬಂಡೆಯ ಮೇಲೇ ಕೂರಿಸಿದ. ಸೊಲ್ಲು ಎತ್ತಿದವನ ತಲೆ ಉರುಳುತ್ತದೆ ಎಂದು ಡಂಗುರ ಹೊಡೆಸಿದ. ಹಾಡಿನ ಜಾಗಕ್ಕೆ ಅರಮನೆಯ ನಗಾರಿ ಬಂತು: ಒಂದು ಪೆಟ್ಟಿಗೆ ಜಗ್ಗಬೇಕು, ಎರಡನೆಯ ಪೆಟ್ಟಿಗೆ ಸಡಿಲಿಸಬೇಕು.

ನಗಾರಿಯವನಿಗೆ ಕೈಯಿತ್ತು, ಕಲ್ಲಿನ ಅಡಿ ನೋಡುವ ರೂಢಿ ಇರಲಿಲ್ಲ. ಹತ್ತು ಪೆಟ್ಟು ಸರಿಯಾಗಿಯೇ ಹೋಯಿತು. ಹನ್ನೊಂದನೆಯದಕ್ಕೆ ಬೆಣೆ ಒಂದು ಹರಳಿನ ಮೇಲೆ ಏರಿ ಕೂರಲೊಲ್ಲದಾಯಿತು. ಗಾದಿಲಿಂಗ ಅದನ್ನು ಹೊರಗೆಳೆದು ಮತ್ತೆ ಒತ್ತುವುದನ್ನು ಹೊನ್ನೂರವ್ವ ಕಂಡಳು. ತಡೀರಿ ಎಂದು ಒಂದು ಮಾತು ಎಳೆದರೆ ಸಾಕಿತ್ತು. ಗಂಟಲಿನಿಂದ ಬಂದದ್ದು ಬರೀ ಗೊರಗೊರ ಸದ್ದು. ಕಟ್ಟಿದ ಕೈಗಳನ್ನು ಬಂಡೆಗೆ ಜಜ್ಜಿದಳು, ಬಳೆ ಚೂರಾದವು. ನಗಾರಿ ತನ್ನ ಪೆಟ್ಟು ಹಾಕಿತು. ಆಳುಗಳು ಹಗ್ಗ ಸಡಿಲಿಸಿದರು. ಕಂಬ ಮೊಳದುದ್ದ ಹಿಂದಕ್ಕೆ ಜಾರಿ ಐದು ಜನರ ಮೇಲೂ ಕೂತುಬಿಟ್ಟಿತು.

ಸತ್ತಿರಲಿಲ್ಲ, ಅದೇ ಕೇಡು. ಐವರೂ ಕೂಗುತ್ತಿದ್ದರು. ನಗಾರಿಯವನು ಕೋಲು ಬಿಸಾಡಿದ. ನೂರು ಜನರಿಗೂ ಪದ ಬಾಯಿಪಾಠ, ಆದರೆ ತಲೆಯ ಭಯಕ್ಕೆ ಒಬ್ಬನೂ ತುಟಿ ಬಿಚ್ಚಲಿಲ್ಲ. ಸೊಲ್ಲಿಲ್ಲದೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರು, ಕಲ್ಲು ಅಲುಗಾಡಿತೇ ಹೊರತು ಏಳಲಿಲ್ಲ. ಹೀಗೇ ಆದರೆ ಕಂಬ ಸೀಳೀತೆಂದು ಹೆದರಿದ ನಾಯಕನೇ ಕೊನೆಗೆ, “ಬಿಚ್ಚಿರೋ ಅವಳ ಬಾಯಿ! ಹಾಡೇ!” ಎಂದು ಅರಚಿದ. ಬಟ್ಟೆಯ ಜೊತೆಗೆ ಬೆಂದ ತೊಗಲೂ ಕಿತ್ತು ಬಂತು. ಹೊನ್ನೂರವ್ವ ಬಾಯಿ ತೆರೆದಳು, ಗಾಳಿ ಬಂತು, ಧ್ವನಿ ಬರಲಿಲ್ಲ.

“ಹೊನ್ನೀ, ಹಾಡೇ” ಎಂದ ಕೆಳಗಿನಿಂದ ಗಾದಿಲಿಂಗ. ಸ್ವಲ್ಪ ಹೊತ್ತು ಕಾದ. ಅವಳಿಗೆ ಏನಾಗಿದೆಯೆಂದು ತಿಳಿಯಿತೋ ಏನೋ, ತಾನೇ ಸೊಲ್ಲು ಎತ್ತಿದ. ಎತ್ತಿದ್ದು ಅದೇ ಸೊಲ್ಲು, ಕಂಬದ ಮ್ಯಾಲ ಹೆಸರು ನಿಂದು. ನಾಯಕ ಎದುರಿಗೇ ನಿಂತು ಕೇಳಬೇಕಾಯಿತು. ಜನ ‘ಸೈ’ ಎಂದು ಜಗ್ಗಿದರು, ಒಬ್ಬನನ್ನು ಹೊರಗೆ ಎಳೆದರು. ಮತ್ತೊಮ್ಮೆ ಹಾಡಿದ, ಇನ್ನೊಬ್ಬ ಬಂದ. ಹೀಗೆ ನಾಲ್ವರು ಬಂದರು. ಐದನೆಯ ಸಲ ‘ಕಂಬದ ಕೆಳಗ’ ಎನ್ನುವ ತನಕ ಹಾಡಿದ. ಮುಂದಿನ ಮಾತಿಗೆ ಉಸಿರು ಇರಲಿಲ್ಲ. ‘ಸೈ’ ಎನ್ನಲು ಬಾಯಿ ತೆರೆದ ನೂರು ಜನ ಹಾಗೆಯೇ ನಿಂತರು. ಕಲ್ಲು ಅಲ್ಲೇ ಉಳಿಯಿತು, ಕೆಳಗೆ ಅವನೂ ಉಳಿದ.

ಆಮೇಲೆ ಆ ಹಗ್ಗವನ್ನು ಯಾರೂ ಮುಟ್ಟಲಿಲ್ಲ. ನಾಯಕನಿಗೆ ಶಾಪ ತಟ್ಟಿ ಹುಳ ಬಿದ್ದು ಸತ್ತ ಎಂದು ಕೆಲವರು ಕಥೆಗೆ ಬಣ್ಣ ಹಚ್ಚುತ್ತಾರೆ. ಸುಳ್ಳು. ಎಂಬತ್ತು ವರ್ಷ ಬಾಳಿ, ಮೊಮ್ಮಕ್ಕಳ ಕೈಯಿಂದ ಹಾಲು ಕುಡಿದು ಸತ್ತ. ನಗಾರಿಯವನು ನಗಾರಿಯ ಚರ್ಮ ಹರಿದು ಊರು ಬಿಟ್ಟ, ಎಲ್ಲಿಗೆ ಹೋದನೋ ತಿಳಿಯದು. ಬದುಕಿ ಬಂದ ನಾಲ್ವರಲ್ಲಿ ಇಬ್ಬರು ಆ ವಾರವೇ ತೀರಿಕೊಂಡರು, ಒಬ್ಬ ಕುಂಟನಾಗಿ ಕುರಿ ಕಾದ, ಇನ್ನೊಬ್ಬ ಮಳೆ ಬಂದಾಗಲೆಲ್ಲ ಕಲ್ಲು ಮತ್ತೆ ಜಾರೀತೆಂದು ಅದರ ಬಳಿಗೆ ಓಡುತ್ತಿದ್ದನಂತೆ. ಹೊನ್ನೂರವ್ವ ಆಮೇಲೂ ನಲವತ್ತು ವರ್ಷ, ಧ್ವನಿಯಿಲ್ಲದೆಯೇ ಬದುಕಿದಳು. ಬೀಸುವಾಗ ಹೆಂಗಸರು ಆ ಸೊಲ್ಲು ಎತ್ತಿದರೆ ಎದ್ದು ಹೊರಗೆ ಹೋಗಿ, ಮುಗಿದ ಮೇಲೆ ಒಳಗೆ ಬರುತ್ತಿದ್ದಳು. ತನ್ನ ಹೆಣ ಹೊರುವಾಗ ಯಾರೂ ಹಾಡಬಾರದೆಂದು ಕೈಸನ್ನೆಯಲ್ಲಿ ಹೇಳಿ ಕಣ್ಣು ಮುಚ್ಚಿದಳು. ಜನ ಹತ್ತು ಹೆಜ್ಜೆ ಸುಮ್ಮನೆ ಹೊತ್ತರು. ಒಬ್ಬರ ಕಾಲು ಒಬ್ಬರಿಗೆ ಹೊಂದದೆ ಚಟ್ಟ ವಾಲಾಡಿತು. ಆಗ ಅವಳ ಮಾತು ಮೀರಿ ಹಾಡಿದರು. ಹಾಡುತ್ತಲೇ ಒಯ್ದು ಮಣ್ಣು ಮಾಡಿದರು.